ನಿಂತಲ್ಲೇ ನಿಂತ ಗಿರಿಜಕ್ಕ

ಮೊನ್ನೆ ಅಂಗಡಿಗೆ ಲೈನಿಂಗ್ ಬಟ್ಟೆ ತರಲೆಂದು ಬೆಂಗಳೂರಿಗೆ ಹೋಗಿದ್ದೆ. ಬೆಳಗ್ಗೆ ಬಸ್ಸಿಳಿದು, ಬ್ಯಾಗು ಕಾಲಬುಡದಲ್ಲಿಟ್ಟು ಸೆರಗು ಸರಿಮಾಡಿಕೊಳ್ಳುತ್ತಿದ್ದಾಗ ನೆತ್ತಿಯ ಮೇಲಿನ ಮೈಕು ಮಾತಾಡಲು ಶುರು ಮಾಡಿತು. ಪ್ರಯಾಣಿಕರು ತಮ್ಮ ಸಾಮಾನಿನ ಮೇಲೆ ನಿಗಾ ಇಡಬೇಕಂತೆ. ಗುರುತಿಲ್ಲದವರು ಕೊಟ್ಟ ತಿಂಡಿ ತಿನ್ನಬಾರದಂತೆ. ಜೊತೆಯವರು ಕಾಣದೆ ಹೋದರೆ ಗಾಬರಿಯಾಗದೆ ವಿಚಾರಣೆ ಕೌಂಟರಿಗೆ ತಿಳಿಸಬೇಕಂತೆ. ಹೇಳುವ ಹೆಂಗಸಿನ ದನಿ ಬಲು ಮೃದು. ಆ ಕೊನೆಯ ಮಾತು ಕಿವಿಗೆ ಬಿದ್ದದ್ದೇ ನನಗೆ ತಡೆಯಲಾಗಲಿಲ್ಲ. ಅಷ್ಟು ಜನರ ನಡುವೆ ಗೋಡೆಗೆ ಮುಖಮಾಡಿ ಅತ್ತುಬಿಟ್ಟೆ. ಪಕ್ಕದಲ್ಲಿ ಟೀ ಕುಡಿಯುತ್ತಿದ್ದವನೊಬ್ಬ ಲೋಟ ಕೆಳಗಿಟ್ಟು, "ಯಾಕಮ್ಮಾ, ಪರ್ಸ್ ಏನಾದ್ರೂ ಹೋಯ್ತಾ?" ಎಂದು ಕೇಳಿದ. ಇಲ್ಲಪ್ಪಾ ಎಂದೆ. ಹೋದದ್ದು ಏನೆಂದು ಆ ಪುಣ್ಯಾತ್ಮನಿಗೆ ಎಲ್ಲಿಂದ ಹೇಳಲಿ?

ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆದಮೇಲಿನ ಒಂದು ವರ್ಷದ ಮಾತು ಇದು. ನನ್ನದು ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಟೈಲರಿಂಗ್ ಅಂಗಡಿ. ಬ್ಲೌಸು, ಲಂಗ, ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತೇನೆ. ಗಿರಿಜಕ್ಕ ನನ್ನ ಒಡಹುಟ್ಟಿದವಳು, ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಭಾವ ತೀರಿಕೊಂಡ ಮೇಲೆ ಮಂಡಗದ್ದೆಯಲ್ಲಿ ಮಗ ಮಂಜ, ಸೊಸೆ ಸುಮ ಇವರ ಜೊತೆ ಇದ್ದಳು. ಮಂಜನಿಗೆ ಅಲ್ಲೇ ರಸ್ತೆ ಬದಿಯಲ್ಲಿ ಬೈಕ್ ರಿಪೇರಿ ಅಂಗಡಿ. ಅಕ್ಕ ಅಂದರೆ ಬಾಯಿಗೆ ಬೀಗವಿಲ್ಲದವಳು. ಬಸ್‌ಸ್ಟಾಪಿನಲ್ಲಿ ನಿಂತರೆ ಬಂದು ಹೋಗುವವರ ಮೂರು ತಲೆಮಾರಿನ ಸಮಾಚಾರ ಕೇಳದೆ ಬಿಡುವವಳಲ್ಲ. ಮಂಡಗದ್ದೆಯಿಂದ ತೀರ್ಥಹಳ್ಳಿಯವರೆಗೆ ಅವಳ ಪರಿಚಯ ಇಲ್ಲದವರು ಯಾರಾದರೂ ಇದ್ದರೆ ಅವರು ಹೊಸದಾಗಿ ವರ್ಗವಾಗಿ ಬಂದವರೇ ಇರಬೇಕು.

ಸರ್ಕಾರವೇನೋ ಫ್ರೀ ಅಂದಿತು. ಆದರೆ ನಮ್ಮ ಕಡೆ ಓಡಾಡುವುದೆಲ್ಲ ಪ್ರೈವೇಟ್ ಬಸ್ಸು. ಸರ್ಕಾರದ ಕೆಂಪು ಬಸ್ಸು ಕಂಡರೆ ಕೈ ಮುಗಿಯಬೇಕು. ಅಕ್ಕ ಅಷ್ಟಕ್ಕೆಲ್ಲ ಸೋಲುವವಳೇ? ಯಾವ ಕೆಂಪು ಬಸ್ಸು ಎಷ್ಟು ಹೊತ್ತಿಗೆ ಎಲ್ಲಿಗೆ ಬರುತ್ತದೆ ಎಂಬುದನ್ನೆಲ್ಲ ಬಾಯಿಪಾಠ ಮಾಡಿಕೊಂಡಳು. ಕಂಡಕ್ಟರುಗಳೇ ಅವಳನ್ನು ಕೇಳುವ ಹಾಗಾಯಿತು. ದೀಪಾವಳಿ ಮುಗಿದ ಮೇಲೆ ಒಂದು ದಿನ ಫೋನು ಮಾಡಿದಳು.

"ಏ ಸರೋಜಿ, ಬೆಂಗ್ಳೂರು ನೋಡ್ಕಂಡು ಬರನನೇ? ತಲೆ ಮೇಲೆ ರೈಲು ಓಡ್ತದಂತಲ್ಲ, ಸಾಯೋದ್ರೊಳಗೆ ಅದೊಂದ್ಸಲ ಹತ್ತಬೇಕು ಕಣೆ."

"ಅಲ್ಲಿ ನಮಗೆ ಯಾರು ಇದಾರೆ ಅಕ್ಕ?"

"ಯಾರೂ ಇಲ್ಲ, ಅದಕ್ಕೇ ಹೋಗೂದು. ನೆಂಟ್ರಿದ್ರೆ ಅವ್ರ ಮನೇಲಿ ಪಾತ್ರೆ ತೊಳ್ಕಂಡು ಕೂರಬೇಕು."

ಹೋಗುವುದೆಂದು ಗೊತ್ತಾದ ದಿನದಿಂದ ನಮಗೆ ಪಾಠ ಶುರುವಾಯಿತು. ಸುಮ ಮೊಬೈಲಿನಲ್ಲಿ ನೋಡಿ ನೋಡಿ ದೊಡ್ಡ ಊರಿನಲ್ಲಿ ಹೇಗಿರಬೇಕು, ಹೇಗಿರಬಾರದು ಎಂದು ದಿನಕ್ಕೊಂದು ಹೇಳುತ್ತಿದ್ದಳು. ಲಾಡ್ಜಿನ ರೂಮಿಗೆ ಹೋದ ಕೂಡಲೇ ಚಿಲಕ ಸರಿಯಾಗಿ ಬೀಳುತ್ತದಾ ನೋಡಬೇಕು. ಫೋಟೋ ತೆಗೆದುಕೊಡುತ್ತೇನೆ ಎಂದು ಬಂದವರ ಕೈಗೆ ಫೋನು ಕೊಡಬಾರದು. ಇಬ್ಬರೇ ಬಂದಿದ್ದೇವೆ ಎಂದು ಯಾರಿಗೂ ಹೇಳಬಾರದು. ಮಗ ಹಿಂದೆ ಬರ್ತಿದಾನೆ ಅನ್ನಬೇಕು. ನಾನು ಮಂಡಗದ್ದೆಗೆ ಹೋಗಿದ್ದ ಒಂದು ಭಾನುವಾರ ಆಟೋದ ಪಾಠ ನಡೆಯಿತು.

"ಅತ್ತೆ, ಹತ್ತೂ ಮೊದ್ಲೇ ಮೀಟರ್ ಹಾಕ್ತೀರಾ ಅಂತ ಕೇಳ್ಬೇಕು."

"ಹಾಕೂದಿಲ್ಲ ಅಂದ್ರೆ?"

"ಇಳೀಬೇಕು."

"ಹತ್ತೇ ಇಲ್ಲಲ್ಲ ಮಾರಾಯ್ತಿ, ಇಳಿಯೂದು ಹೆಂಗೆ?"

ಸುಮ ತಲೆ ಚಚ್ಚಿಕೊಂಡಳು. "ಚಿಕ್ಕತ್ತೆ, ನೀವಾದ್ರೂ ಕೇಳಿಸ್ಕಳಿ. ಇವ್ರನ್ನ ಹೆಂಗೆ ಕರ್ಕಂಡು ಹೋಗ್ತೀರೋ ಹಂಗೇ ಕರ್ಕಂಡು ಬರ್ಬೇಕು ನೀವು." ಆಯ್ತು ಕಣೆ ಎಂದು ಮಾತು ಕೊಟ್ಟೆ. ಕಿವಿಯ ಬೆಂಡೋಲೆ ಬಿಚ್ಚಿಟ್ಟು ಹೋಗಿ ಎಂದರೆ ಅಕ್ಕ ಒಪ್ಪಲೇ ಇಲ್ಲ. ಬಿಚ್ಚಿದರೆ ತೂತು ಮುಚ್ಚಿಹೋಗುತ್ತದಂತೆ.

ನಾನೂ ನನ್ನ ಕೈಲಾದ್ದು ಮಾಡಿದೆ. ಇಬ್ಬರ ಒಳಲಂಗಕ್ಕೂ ಜಿಪ್ಪು ಹಾಕಿದ ಒಳಜೇಬು ಹೊಲಿದೆ. ಗುಂಪಿನಲ್ಲಿ ಒಬ್ಬರಿಗೊಬ್ಬರು ಕಾಣಲಿ ಎಂದು ಗಿಳಿಹಸಿರು ಬಣ್ಣದ ಎರಡು ಸೀರೆ ತಂದು ಅದೇ ಬಣ್ಣದ ಬ್ಲೌಸು ಹೊಲಿದೆ. ಎಂಥಾ ಹಸಿರು ಅಂದರೆ ಬಿಸಿಲಿಗೆ ಹಿಡಿದರೆ ಕಣ್ಣು ಕುಕ್ಕಬೇಕು. ಅಕ್ಕ ಉಟ್ಟು ನೋಡಿ, "ಇಬ್ರೂ ಇದ್ನೇ ಉಟ್ಕಂಡು ಹೋದ್ರೆ ಬ್ಯಾಂಡ್ ಸೆಟ್ಟಿನವ್ರು ಅಂತ ಮದುವೆ ಮನೆಗೆ ಕರ್ಕಂಡು ಹೋಗ್ತಾರೆ ಅಷ್ಟೆ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೂ ಆ ಸೀರೆ ಅವಳಿಗೆ ಬಹಳ ಹಿಡಿಸಿತು.

ಇಷ್ಟೆಲ್ಲ ಆದಮೇಲೆ ಅಕ್ಕ ತನ್ನದೊಂದು ಉಪಾಯ ಸೇರಿಸಿದಳು. "ಇದೆಲ್ಲ ಇರ್ಲಿ. ತಪ್ಪಿಸ್ಕಂಡ್ರೆ ಕೂ ಕೊಡೂದು. ಅಮ್ಮ ಹೇಳಿದ್ದೇ ಸೈ."

ನಮ್ಮ ತವರು ತೀರ್ಥಹಳ್ಳಿಯಿಂದ ಹೊಸನಗರಕ್ಕೆ ಬರುವ ದಾರಿಯಲ್ಲಿತ್ತು. ಅಪ್ಪ ಗೇಣಿ ಒಕ್ಕಲಾಗಿದ್ದ ಕಾಲದಿಂದ ಅಮ್ಮ ಗುಡ್ಡಕ್ಕೆ ಹೋಗಿ ಒಣಗಿದ ಎಲೆ ಗುಡಿಸಿ ಕೊಟ್ಟಿಗೆಗೆ ತರುತ್ತಿದ್ದಳು. ನಾವಿಬ್ಬರೂ ಅವಳ ಬೆನ್ನಿಗೇ ದನ ಹೊಡೆದುಕೊಂಡು ಹೋಗುತ್ತಿದ್ದೆವು. ಕಾಡಿನಲ್ಲಿ ಹೆಸರು ಹಿಡಿದು ಕರೆಯುವ ಹಾಗಿಲ್ಲ. ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಕೊನೆಯಲ್ಲಿ ದನಿ ಎತ್ತಿ, "ಕೂ..." ಎನ್ನಬೇಕು. ಕೇಳಿಸಿಕೊಂಡವರು ತಿರುಗಿ ಕೂ ಕೊಡಬೇಕು. ಕೊಡದೆ ಸುಮ್ಮನಿದ್ದರೆ ಬಾಯಾರಿ ಬಂದವರಿಗೆ ನೀರಿಲ್ಲ ಅಂದ ಹಾಗೆ ಎನ್ನುತ್ತಿದ್ದಳು ಅಮ್ಮ. ಅವಳು ಇನ್ನೊಂದು ಮಾತನ್ನೂ ನಮ್ಮ ತಲೆಗೆ ಬಡಿದು ಕೂರಿಸಿದ್ದಳು. ತಪ್ಪಿಸಿಕೊಂಡವರು ನಿಂತಲ್ಲೇ ನಿಲ್ಲಬೇಕು, ಹುಡುಕುವವರು ನಡೆಯಬೇಕು. ತಿರುಗಿ ಕೂ ಬಂತೆಂದರೆ ಜನ ಹೊರಟರು ಅಂತಲೇ ಲೆಕ್ಕ, ಆಮೇಲೆ ಕೂಗಿ ಗಂಟಲು ಹರಿದುಕೊಳ್ಳಬೇಡಿ, ಒಂದು ಹೆಜ್ಜೆಯೂ ಕದಲಬೇಡಿ. ಈಗಲೂ ನಮ್ಮ ಕಡೆ ಫೋನಿಗೆ ನೆಟ್‌ವರ್ಕ್ ಸಿಗದ ಜಾಗವೇ ಹೆಚ್ಚು. ತೋಟದಲ್ಲಿರುವ ಗಂಡನನ್ನು ಟೀಗೆ ಕರೆಯಲು ಹೆಂಗಸರು ಅಂಗಳದಲ್ಲಿ ನಿಂತು ಕೂ ಕೊಡುವುದು ದಿನನಿತ್ಯದ್ದು.

ದೊಡ್ಡ ಊರಿಗೆ ಹೋಗುವ ಮೊದಲು ಒಂದು ರಿಹರ್ಸಲ್ ಇರಲಿ ಎಂದು ಸಿಗಂದೂರಿಗೆ ಹೊರಟೆವು. ಸಾಗರದಿಂದ ಹೊಳೆಬಾಗಿಲಿಗೆ ಹೋದರೆ ಹೊಳೆ ದಾಟಿಸುವ ಲಾಂಚಿಗೆ ಕಾದು ನಿಂತ ಜನ ಸಂತೆಯ ಹಾಗಿತ್ತು. ಆಗಿನ್ನೂ ಸೇತುವೆ ಮುಗಿದಿರಲಿಲ್ಲ. ಹಿನ್ನೀರಿನ ನಡುವೆ ಕಂಬಗಳು ಮಾತ್ರ ನಿಂತಿದ್ದವು. ಲಾಂಚಿಗೆ ಜೀಪು, ಕಾರುಗಳನ್ನು ಹತ್ತಿಸುತ್ತಿದ್ದಾಗ ಪಕ್ಕ ತಿರುಗಿ ನೋಡಿದರೆ ಅಕ್ಕ ಇಲ್ಲ. ಅಷ್ಟರಲ್ಲಿ ಜೀಪೊಂದರ ಹಿಂದಿನಿಂದ "ಕೂ..." ಬಂತು. ಬೇಕೆಂದೇ ಅಡಗಿ ನಿಂತಿದ್ದಳು. ನಾನು ಸಿಟ್ಟಿನಲ್ಲೇ ತಿರುಗಿ ಕೂ ಕೊಟ್ಟೆ. ಸುತ್ತಲಿದ್ದ ಪ್ರವಾಸಿಗರು ಗೊಳ್ಳೆಂದು ನಕ್ಕರು. ಲಾಂಚು ದಾಟುವಷ್ಟು ಹೊತ್ತೂ ಯಾವುದೋ ಊರಿನ ಮಕ್ಕಳು ನಮ್ಮನ್ನೇ ಅಣಕಿಸುತ್ತ ಕೂ ಕೂ ಎನ್ನುತ್ತಿದ್ದವು. ಅಕ್ಕ ಅವುಗಳಿಗೆ ಕೈಯನ್ನು ಬಾಯಿಗೆ ಹೇಗೆ ಹಿಡಿಯಬೇಕೆಂದು ಕಲಿಸಿಕೊಡುತ್ತ ಕೂತಳು.

ಮಾಗಿಯ ಚಳಿಯಲ್ಲಿ ಬೆಂಗಳೂರಿಗೆ ಹೋದೆವು. ಸುಮ ಹೇಳಿದ್ದನ್ನೆಲ್ಲ ಅಕ್ಷರಶಃ ಪಾಲಿಸಿದೆವು. ಲಾಡ್ಜಿನ ಚಿಲಕವನ್ನು ಅಕ್ಕ ನಾಲ್ಕಾರು ಸಲ ಹಾಕಿ ತೆಗೆದು ನೋಡಿದಳು. ಬಾಗಿಲಿಗೆ ಒಳಗಿನಿಂದ ಕುರ್ಚಿ ಒರಗಿಸಿಟ್ಟಳು. ಆಟೋದವನ ಹತ್ತಿರ ಕೇಳದೆ ಇದ್ದರೂ, "ಮಗ ಹಿಂದೆ ಬರ್ತಿದಾನೆ, ಪೊಲೀಸು ಅವ್ನು" ಎಂದಳು. ಬೈಕಿನ ಪಂಕ್ಚರ್ ಹಾಕುವ ಮಂಜನಿಗೆ ಅವನಿಗೇ ಗೊತ್ತಿಲ್ಲದ ಹಾಗೆ ಪ್ರಮೋಷನ್ ಸಿಕ್ಕಿತು. ಚಲಿಸುವ ಮೆಟ್ಟಿಲಿನ ಮೇಲೆ ನಿಂತು, "ಮೆಟ್ಟಿಲೇ ನಡೀತಾವಂತೆ, ಇನ್ನು ನಾವೆಂತಕ್ಕೆ ನಡೀಬೇಕು" ಎಂದು ಖುಷಿಪಟ್ಟಳು. ತಲೆಯ ಮೇಲಿನ ರೈಲು ಹತ್ತಿದ್ದೂ ಆಯಿತು. ಕಿಟಕಿಗೆ ಮೂಗು ಒತ್ತಿ, ಕೆಳಗೆ ಹಾದುಹೋಗುವ ಮನೆಗಳ ತಾರಸಿ ನೋಡುತ್ತ, ಯಾರು ಯಾವ ಬಟ್ಟೆ ಒಣಹಾಕಿದ್ದಾರೆ ಎಂದು ನನಗೆ ವರದಿ ಒಪ್ಪಿಸಿದಳು. ಅಷ್ಟು ಸಂತೋಷವಾಗಿದ್ದ ಅಕ್ಕನನ್ನು ನಾನು ಭಾವ ಹೋದಮೇಲೆ ನೋಡಿರಲಿಲ್ಲ.

ಮರುದಿನ ಬೆಳಗ್ಗೆ ಹೂವಿನ ಮಾರ್ಕೆಟ್ಟಿಗೆ ಹೋದೆವು. ನೋಡುತ್ತಿದ್ದ ಹಾಗೆ ಚೆಂಡುಹೂವಿನ ದೊಡ್ಡ ಮೂಟೆ ಹೊತ್ತವನೊಬ್ಬ, "ದಾರಿ ದಾರಿ" ಎನ್ನುತ್ತ ನಮ್ಮಿಬ್ಬರ ನಡುವೆ ನುಗ್ಗಿದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಅವರು ದಾಟಿದ ಮೇಲೆ ನೋಡಿದರೆ ಅಕ್ಕ ಇಲ್ಲ. ಫೋನು ಮಾಡಿದೆ. ಅದು ನನ್ನ ಬ್ಯಾಗಿನೊಳಗೇ ಬಡಿದುಕೊಂಡಿತು. ಕಳ್ಳರು ಹೊಡೆಯುತ್ತಾರೆಂದು ಬೆಳಗ್ಗೆ ನನ್ನ ಬ್ಯಾಗಿಗೆ ತುರುಕಿದ್ದಳು ಪುಣ್ಯಾತ್ಗಿತ್ತಿ. ಸುಮ ಮಾಡಬಾರದು ಎಂದದ್ದನ್ನೆಲ್ಲ ಆಮೇಲೆ ನಾನು ಮಾಡಿದೆ. ಗುರುತಿಲ್ಲದವರ ಕೈ ಹಿಡಿದು ಕೇಳಿದೆ, ಇಬ್ಬರೇ ಬಂದದ್ದೆಂದು ಎಲ್ಲರಿಗೂ ಹೇಳಿದೆ, ಫೋನನ್ನು ಕಂಡವರ ಕೈಗೆ ಕೊಟ್ಟು ಅಕ್ಕನ ಫೋಟೋ ತೋರಿಸಿದೆ. ಗಿಳಿಹಸಿರು ಸೀರೆ, ನನ್ನಂಥದ್ದೇ ಎಂದು ನನ್ನ ಸೆರಗನ್ನೇ ಹಿಡಿದು ತೋರಿಸಿದೆ. ಕೊನೆಗೆ ಇನ್ನೇನೂ ತೋಚದೆ, ಆ ಜನಜಂಗುಳಿಯ ನಡುವೆ ನಿಂತು, ಮಾನ ಮರ್ಯಾದೆ ಬಿಟ್ಟು, ಕೈ ಅಡ್ಡ ಹಿಡಿದು ಕೂ ಕೊಟ್ಟೆ.

ಮಾರ್ಕೆಟ್ಟಿಗೆ ಮಾರ್ಕೆಟ್ಟೇ ತಿರುಗಿ ನೋಡಿತು. ಹೂ ಕಟ್ಟುತ್ತಿದ್ದವರು ಕಟ್ಟುವುದು ಬಿಟ್ಟರು. ಆ ಒಂದು ಗಳಿಗೆ ಸದ್ದಡಗಿದಾಗ ಎಲ್ಲಿಂದಲೋ ತಿರುಗಿ ಬಂತು, "ಕೂ..."

ಓಡಿದೆ. ಅಕ್ಕ ದೊಡ್ಡ ರಸ್ತೆಯ ನಟ್ಟನಡುವೆ ನಿಂತಿದ್ದಳು. ಎಡಕ್ಕೂ ಬಲಕ್ಕೂ ಬಸ್ಸುಗಳು ಬುಸುಗುಡುತ್ತಿದ್ದವು. ಪಕ್ಕದಲ್ಲಿ ಟ್ರಾಫಿಕ್ ಪೊಲೀಸಿನವನೊಬ್ಬ ಎರಡೂ ಕೈ ಚಾಚಿ ಗಾಡಿಗಳನ್ನು ಅವಳ ಸುತ್ತ ತಿರುಗಿಸಿ ಕಳುಹಿಸುತ್ತಿದ್ದ. ನನ್ನ ಸೀರೆ ನೋಡಿದ್ದೇ ಅವನಿಗೆ ಜೀವ ಬಂದಂತಾಯಿತು.

"ನಿಮ್ಮವ್ರಾ ಅಮ್ಮಾ? ಎಷ್ಟು ಹೇಳಿದ್ರೂ ಜಾಗ ಬಿಡ್ತಿಲ್ಲ. ತಂಗಿ ಬರೋವರ್ಗೂ ಕದಲಲ್ಲ ಅಂತಾರೆ. ಕೈ ಹಿಡಿದು ಎಳೆದ್ರೆ ಮಗನೂ ಪೊಲೀಸು ಅಂತ ಹೆದರಿಸ್ತಾರೆ."

ನನಗೆ ಅಳುವೂ ನಗುವೂ ಒಟ್ಟಿಗೇ ಬಂತು. ಅಕ್ಕನ ಕೈ ಹಿಡಿದುಕೊಂಡೆ. ತಣ್ಣಗಿತ್ತು. ಅವಳು ನನ್ನ ಮುಖ ನೋಡಿ, "ದನ ಎಲ್ಲಿ? ಹೊತ್ತಾತಲ್ಲೇ, ಅಮ್ಮ ಬೈತಾಳೆ" ಎಂದಳು. ಪೊಲೀಸಿನವನು ನಕ್ಕ. ಅಕ್ಕನ ತಮಾಷೆ ಇದ್ದದ್ದೇ ಎಂದುಕೊಂಡು ನಾನೂ ನಕ್ಕೆ. ಹೇಗೆ ಕರೆದುಕೊಂಡು ಹೋಗಿದ್ದೆನೋ ಹಾಗೇ ಅವಳನ್ನು ಮಂಡಗದ್ದೆಗೆ ಮುಟ್ಟಿಸಿದೆ. ಬೆಂಡೋಲೆಯೂ ಕಿವಿಯಲ್ಲೇ ಇತ್ತು.

ಊರಿಗೆ ಬಂದಮೇಲೆ ಅಕ್ಕನ ಬಾಯಲ್ಲಿ ಅದೇ ಕಥೆ. ತಾನು ಬೆಂಗಳೂರಿಗೆ ಬೆಂಗಳೂರನ್ನೇ ನಿಲ್ಲಿಸಿದ್ದು, ಪೊಲೀಸಿನವನು ಸಲಾಮು ಹೊಡೆದದ್ದು. ಮೊದಮೊದಲು ಕೇಳುವುದಕ್ಕೆ ಚೆನ್ನಾಗಿತ್ತು. ಆಮೇಲೆ ಒಬ್ಬರಿಗೇ ಮತ್ತೆ ಮತ್ತೆ ಹೇಳತೊಡಗಿದಳು. ಶಿವರಾತ್ರಿಯ ಹೊತ್ತಿಗೆ ಕಥೆಯೊಳಗೆ ನಮ್ಮಮ್ಮ ಬಂದಳು, ದನ ಬಂತು. ಸಾರಿಗೆ ಉಪ್ಪು ಹಾಕಿದ್ದನ್ನು ಮರೆತು ಮತ್ತೆ ಹಾಕಿದಳು. ಮಂಜನನ್ನು ಒಮ್ಮೆ ಭಾವನ ಹೆಸರಿನಿಂದ ಕರೆದಳು. ಅವನು ಅಂಗಡಿಗೆ ಹೋಗಿ ಶಟರ್ ಎಳೆದುಕೊಂಡು ಅತ್ತನಂತೆ. ಶಿವಮೊಗ್ಗದ ಡಾಕ್ಟರು ನೋಡಿ, ಇದು ಮರೆವಿನ ಕಾಯಿಲೆ, ನಿಧಾನಕ್ಕೆ ಹೆಚ್ಚಾಗುತ್ತದೆ, ಒಬ್ಬರನ್ನೇ ಹೊರಗೆ ಬಿಡಬೇಡಿ ಎಂದರು.

ಶಿವಮೊಗ್ಗದಿಂದ ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅಕ್ಕನ ಪಕ್ಕ ಕೂತಿದ್ದೆ. ತುಂಗೆ ಕಾಣುವ ತಿರುವಿನಲ್ಲಿ ನನ್ನ ಕಡೆ ತಿರುಗಿದಳು.

"ಸರೋಜಿ, ನಿನ್ನ ಗುರ್ತೂ ಹೋಗ್ತದನೇ ನಂಗೆ?"

"ಹೋದ್ರೆ ಹೋಗ್ಲಿ ಬಿಡು. ನೀನು ಕೂ ಕೊಡು. ನಾನು ಬರ್ತೀನಿ."

"ಬಂದೇ ಬರ್ತೀಯನೇ?"

"ಬಂದೇ ಬರ್ತೀನಿ ಕಣೆ."

ಅವಳು ನನ್ನ ಭುಜಕ್ಕೆ ತಲೆ ಇಟ್ಟು ಕಣ್ಣು ಮುಚ್ಚಿಕೊಂಡಳು. ಆ ಮಾತು ನೆನಪಾದರೆ ಈಗಲೂ ನನಗೆ ಹೊಲಿಗೆ ಯಂತ್ರದ ಮೇಲೆ ಕಾಲು ಓಡುವುದಿಲ್ಲ.

ಆಮೇಲೆ ದೂರದ ಪ್ರಯಾಣವೆಲ್ಲ ನಿಂತಿತು. ದೊಡ್ಡ ಊರು ಅಪಾಯ, ಇನ್ನು ಅಲ್ಲಿಗೆ ಬೇಡ ಎಂದು ಎಲ್ಲರೂ ಹೇಳಿದರು. ನಮ್ಮೂರಲ್ಲಿ ಎಂತ ಆಗ್ತದೆ, ಎಲ್ಲರಿಗೂ ಗೊತ್ತಿರುವವಳು ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡೆವು. ನಾನು ಪ್ರತಿ ಭಾನುವಾರ ಹೋಗುತ್ತಿದ್ದೆ. ಸುಮ ಅವಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು. ಸ್ವಂತ ಮಗಳಾದರೂ ಅಷ್ಟು ಮಾಡುತ್ತಿರಲಿಲ್ಲ. ಕೆಲವು ದಿನ ಅಕ್ಕ ಮೊದಲಿನ ಹಾಗೇ ಇರುತ್ತಿದ್ದಳು. ಆ ದಿನಗಳಲ್ಲಿ ಅವಳದು ಒಂದೇ ಮಾತು: ಮತ್ತೊಂದ್ಸಲ ಆ ರೈಲು ಹತ್ತಿ ಬರನನೇ?

ಆಷಾಢದ ಒಂದು ಮಧ್ಯಾಹ್ನ ಸುಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಅಕ್ಕ ಹೊರಟಳು. ಟ್ರಂಕಿನಿಂದ ಗಿಳಿಹಸಿರು ಸೀರೆ ತೆಗೆದು ಉಟ್ಟಿದ್ದಳು. ಮಂಡಗದ್ದೆ ಸ್ಟಾಪಿನಲ್ಲಿದ್ದ ಹೆಂಗಸರು, "ಎಂತ ಗಿರಿಜಕ್ಕ, ಹೊಸ ಸೀರೆ ಜೋರಾಗಿದೆ" ಎಂದು ಮಾತಾಡಿಸಿದರು. ನಕ್ಕಳಂತೆ. ಕಂಡಕ್ಟರು ಅವಳನ್ನು ನೋಡಿದ್ದೇ ಸೀಟು ಬಿಡಿಸಿಕೊಟ್ಟನಂತೆ. ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವವಳು, "ತಂಗಿ ಮನೆಗಾ ಗಿರಿಜಕ್ಕ?" ಎಂದಳು. ಹೂಂ ಎಂದು ಹೊಸನಗರದ ಬಸ್ಸು ಹತ್ತಿದಳು. ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ದಾರಿಯುದ್ದಕ್ಕೂ ಅವಳನ್ನು ನೋಡಿದವರು ಎಷ್ಟೋ ಜನ. ಎಲ್ಲರಿಗೂ ಅವಳು ಗೊತ್ತು. ಗೊತ್ತಿದ್ದದ್ದರಿಂದಲೇ ಯಾರೂ ಅವಳನ್ನು ತಡೆದು ಕೇಳಲಿಲ್ಲ.

ನನಗೆ ಮಂಜನ ಫೋನು ಬಂದಾಗ ಸಂಜೆಯಾಗುತ್ತಿತ್ತು. "ಚಿಕ್ಕಮ್ಮ, ಅಮ್ಮ ನಿಮ್ಮಲ್ಲಿಗೆ ಬಂದಿದಾಳಾ?" ಇಲ್ಲ ಎಂದೆ. ಇಬ್ಬರಿಗೂ ಹೊಳೆದದ್ದು ಒಂದೇ. ಬೆಂಗಳೂರು. ರೈಲು ರೈಲು ಅನ್ನುತ್ತಿದ್ದಳಲ್ಲ. ಮಂಜ ಬೈಕು ಹತ್ತಿ ಶಿವಮೊಗ್ಗದ ಕಡೆ ಓಡಿದ. ಪೊಲೀಸ್ ಸ್ಟೇಷನ್ನಿಗೆ ಹೇಳಿದೆವು. ಅಕ್ಕನ ಫೋಟೋವನ್ನು ಬೆಂಗಳೂರಿನ ಬಸ್ಸಿನ ಡ್ರೈವರುಗಳಿಗೆಲ್ಲ ಮೊಬೈಲಿನಲ್ಲಿ ಕಳಿಸಿದೆವು. ನಮ್ಮ ಭಯವೆಲ್ಲ ಆ ದೊಡ್ಡ ಊರಿನ ಮೇಲೆಯೇ ಇತ್ತು. ನಾವೆಲ್ಲ ಆ ಕಡೆ ಮುಖ ಮಾಡಿ ಹುಡುಕುತ್ತಿದ್ದಾಗ ಅವಳು ಈ ಕಡೆ, ನನ್ನ ಅಂಗಡಿಯಿಂದ ಅರ್ಧ ಗಂಟೆಯ ದಾರಿಯಲ್ಲಿದ್ದಳು.

ಅವಳು ಇಳಿದದ್ದು ನಮ್ಮ ತವರಿನ ಸ್ಟಾಪಿನಲ್ಲಿ. ಅಲ್ಲಿ ಈಗ ನಮ್ಮ ಮನೆಯಿಲ್ಲ. ನಮ್ಮಣ್ಣ ಯಾವಾಗಲೋ ಆ ಜಾಗ ಬೇರೆಯವರಿಗೆ ಕೊಟ್ಟು ಸಾಗರ ಸೇರಿದ್ದಾನೆ. ಅಕ್ಕ ಅಮ್ಮನ ಜೊತೆ ಎಲೆ ಗುಡಿಸಲು ಹೋಗುತ್ತಿದ್ದ ಗುಡ್ಡದ ದಾರಿ ಹಿಡಿದಿದ್ದಾಳೆ. ಮರುದಿನ ಬೆಳಗ್ಗೆ ದನ ಅಟ್ಟಿಕೊಂಡು ಹೋದವರೊಬ್ಬರಿಗೆ ಕಂಡಳು. ಮತ್ತಿಮರದ ಬುಡಕ್ಕೆ ಒರಗಿ, ಮಂಡಿ ಮಡಿಚಿಕೊಂಡು, ಸೆರಗು ತಲೆಯ ಮೇಲೆ ಹೊದ್ದು, ದಾರಿಯ ಕಡೆ ಮುಖ ಮಾಡಿ ಕೂತಿದ್ದಳಂತೆ. ಮಳೆಗೆ ನೆನೆದು ನೆನೆದು ಉಸಿರು ನಿಂತು ಬಹಳ ಹೊತ್ತಾಗಿತ್ತು. ಅವರು ಆ ಮರದ ಪಕ್ಕಕ್ಕೆ ಬರುವವರೆಗೂ ಅಲ್ಲೊಬ್ಬಳು ಹೆಂಗಸು ಇದ್ದಾಳೆಂದು ತಿಳಿಯಲಿಲ್ಲವಂತೆ. ಆಷಾಢದ ಗುಡ್ಡದಲ್ಲಿ ಎಲ್ಲ ಕಡೆಯೂ ಅದೇ ಹಸಿರು.

ನಾನು ಹೋಗಿ ನೋಡಿದೆ. ಕಿವಿಯಲ್ಲಿ ಬೆಂಡೋಲೆ ಹಾಗೇ ಇತ್ತು. ಆ ಹಾಳಾದ ಬೆಂಡೋಲೆ ನೋಡಿ ನನಗೆ ಎಂಥಾ ಸಂಕಟವಾಯಿತೆಂದರೆ, ಯಾರಾದರೂ ಕಿತ್ತುಕೊಂಡು ಹೋಗಬಾರದಿತ್ತೇ, ಹಾಗಾದರೂ ಒಬ್ಬರು ಅವಳನ್ನು ನೋಡಿದಂತಾಗುತ್ತಿತ್ತು ಅನ್ನಿಸಿತು.

ಕಾರ್ಯವೆಲ್ಲ ಮುಗಿದ ಮೇಲೆ ಒಂದು ದಿನ ನನ್ನ ಅಂಗಡಿಗೆ ವಯಸ್ಸಾದ ಹೆಂಗಸೊಬ್ಬರು ಬಂದರು. ಬಟ್ಟೆ ಹೊಲಿಸಲು ಬಂದವರೆಂದುಕೊಂಡು ಸ್ಟೂಲು ಕೊಟ್ಟೆ. ಅವರು ಕೂರಲಿಲ್ಲ. ಆ ಗುಡ್ಡದ ಬುಡದಲ್ಲಿ ಮನೆಯಂತೆ, ಹೆಸರು ಕಮಲಮ್ಮ. ಬಾಗಿಲ ಚೌಕಟ್ಟು ಹಿಡಿದುಕೊಂಡೇ ಹೇಳಿದರು.

"ಅವತ್ತು ಸಂಜೆ ಕೂ ಕೇಳ್ತು ಕಣಮ್ಮ. ನಂಗೊಬ್ಳಿಗೇ ಅಲ್ಲ, ನಮ್ ಕೇರಿಲಿ ಎಲ್ರಿಗೂ ಕೇಳ್ತು. ಮೇಲ್ಮನೆಯವ್ರು ಗಂಡಸ್ರನ್ನ ಕರೀತಿದಾರೆ ಅಂತ ಮಾಡ್ದೆ. ಮೇಲ್ಮನೆಯವ್ರು ನಾವೇ ಕರೀತಿದೀವಿ ಅಂತ ಮಾಡಿದಾರೆ. ಯಾರ ಮನೇದೋ ಅಂತ ಎಲ್ರೂ ಸುಮ್ನಾದ್ವಿ."

ನಾನು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟೆ.

"ಮತ್ತೂ ಕೂಗ್ತಾ ಇತ್ತು. ಕೇಳಿಸ್ಕಂಡೂ ಸುಮ್ನಿರಬಾರ್ದಲ್ಲ ಅಂತ ನಾನೇ ಅಂಗಳದಲ್ಲಿ ನಿಂತು ಒಂದ್ಸಲ ಕೂ ಕೊಟ್ಟೆ. ಕೊಟ್ಟು ಒಳಗೆ ಹೋದೆ. ಒಲೆ ಮೇಲೆ ನೀರಿಟ್ಟಿದ್ದೆ."

"ಆಮೇಲೆ?"

"ಆಮೇಲೆ ಕೂ ಬರ್ಲಿಲ್ಲ ಕಣಮ್ಮ."

ಅವರು ಚೌಕಟ್ಟಿಗೆ ಹಣೆ ಒತ್ತಿ ಅಳತೊಡಗಿದರು. ನಾನು ಎದ್ದು ಹೋಗಿ ಅವರ ಕೈ ಹಿಡಿದೆ. ಒಳಗೆ ಕರೆದು ಕೂರಿಸಿ ಟೀ ತರಿಸಿಕೊಟ್ಟೆ. ನಿಮ್ಮದೇನೂ ತಪ್ಪಿಲ್ಲ, ಕೂ ಕೇಳಿದರೆ ತಿರುಗಿ ಕೊಡಬೇಕಾದ್ದೇ, ಕೊಡದಿದ್ದರೆ ತಪ್ಪಾಗುತ್ತಿತ್ತು ಎಂದೆ. ಆ ಮಾತು ನಿಜವೇ. ಆದರೆ ನನಗೆ ಗೊತ್ತಿದ್ದ ಇನ್ನೊಂದು ನಿಜವನ್ನು ಅವರಿಗೆ ಹೇಳಲಿಲ್ಲ. ಯಾರೂ ಓಗೊಡದೆ ಇದ್ದಿದ್ದರೆ ಅಕ್ಕ ಕೂಗುತ್ತಲೇ ಇರುತ್ತಿದ್ದಳು. ಕೂಗಿ ಕೂಗಿ ಯಾರಿಗಾದರೂ ಇದೇನು ಇಷ್ಟು ಹೊತ್ತು ಅನ್ನಿಸುತ್ತಿತ್ತು. ತಿರುಗಿ ಕೂ ಬಂತಲ್ಲ, ಅವಳು ಕೂಗುವುದು ನಿಲ್ಲಿಸಿದಳು. ತಂಗಿ ಹೊರಟಳು, ಇನ್ನೇನು ಬಂದೇ ಬರುತ್ತಾಳೆ ಎಂದು ದಾರಿ ನೋಡುತ್ತ ಕೂತಳು. ಅಷ್ಟಾದ ಮೇಲೆ ನಮ್ಮಕ್ಕ ಒಂದು ಹೆಜ್ಜೆ ಕದಲುವವಳಲ್ಲ. ಬೆಂಗಳೂರಿನ ರಸ್ತೆಯ ನಡುವೆಯೇ ಕದಲಿರಲಿಲ್ಲ.

ಮೊನ್ನೆ ಲೈನಿಂಗ್ ಬಟ್ಟೆ ಕೊಂಡಮೇಲೆ ಮನಸ್ಸು ತಡೆಯದೆ ಹೂವಿನ ಮಾರ್ಕೆಟ್ಟಿಗೆ ಹೋದೆ. ಆ ದೊಡ್ಡ ರಸ್ತೆಯ ಬದಿಯಲ್ಲಿ, ಅಕ್ಕ ನಿಂತಿದ್ದ ಜಾಗ ಕಾಣುವ ಹಾಗೆ, ಬಟ್ಟೆಯ ಗಂಟು ಹಿಡಿದು ನಿಂತೆ. ಸ್ವಲ್ಪ ಹೊತ್ತಿಗೇ ಹೂ ಮಾರುವ ಹುಡುಗಿಯೊಬ್ಬಳು, "ಯಾಕಮ್ಮಾ ನಿಂತಿದೀರಾ? ಎಲ್ಲಿಗೆ ಹೋಗ್ಬೇಕಿತ್ತು?" ಎಂದಳು. ಆಮೇಲೆ ಆಟೋದವನೊಬ್ಬ ಕೇಳಿದ. ಆಮೇಲೆ ಪೊಲೀಸಿನವನು ದೂರದಿಂದಲೇ, "ಯಾರಿಗೆ ಕಾಯ್ತಿದೀರಾ?" ಎಂದು ಕೈಸನ್ನೆ ಮಾಡಿದ. ಯಾರೂ ಇಲ್ಲ ಎಂದು ತಲೆಯಾಡಿಸಿ ಬಸ್ಸಿನ ಕಡೆ ನಡೆದೆ.

ಈಗ ನಾನು ಕೂ ಕೇಳಿದರೆ ತಿರುಗಿ ಕೂ ಕೊಡುವುದಿಲ್ಲ. ಅಂಗಡಿಯಲ್ಲಿರಲಿ, ನೆಂಟರ ಮನೆಯಲ್ಲಿರಲಿ, ಕೈಯಲ್ಲಿದ್ದ ಕೆಲಸ ಬಿಟ್ಟು ಚಪ್ಪಲಿ ಮೆಟ್ಟಿಕೊಂಡು ದನಿ ಬಂದ ಕಡೆ ಹೋಗುತ್ತೇನೆ. ಮಳೆಯಿದ್ದರೆ ಕೊಡೆ ಹಿಡಿದು ಹೋಗುತ್ತೇನೆ. ಸರೋಜಮ್ಮನಿಗೆ ಅಕ್ಕ ಹೋದಮೇಲೆ ತಲೆ ಸರಿಯಿಲ್ಲ ಎಂದು ಕೆಲವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಹೋಗಿ ನೋಡಿದರೆ ಯಾರೋ ಅಂಗಳದಲ್ಲಿ ನಿಂತು ಗಂಡನನ್ನು ಊಟಕ್ಕೆ ಕರೆಯುತ್ತಿರುತ್ತಾರೆ. ಕೆಸರು ತುಳಿದುಕೊಂಡು ಬಂದ ನನ್ನನ್ನು ನೋಡಿ ಅವರಿಗೆ ಆಶ್ಚರ್ಯ.

"ಎಂತ ಸರೋಜಮ್ಮ, ಈ ಮಳೇಲಿ ಬಂದ್ರಾ?"

"ಹೂಂ," ಎನ್ನುತ್ತೇನೆ. "ಬಂದೆ."